ಪಕ್ಕದ ಮನೆಯ ಸೊಳ್ಳೆಮರಿ

ಶಿವಮೊಗ್ಗದಲ್ಲಿ ಹುಳಹುಪ್ಪಟೆ ಸಂಶೋಧನೆ ಮಾಡೋ ಕಡೆ ನಾನು ಕಸ ಗುಡಿಸೋಳು. ಭದ್ರಾವತಿಯಿಂದ ದಿನಾ ಬಸ್ಸಲ್ಲಿ ಹೋಗಿಬರ್ತೀನಿ. ಸೇರಿದ ಮೂರನೇ ದಿನ ನೋಡ್ತೀನಿ, ಒಂದು ಕೋಣೆ ತುಂಬ ಟ್ರೇಗಳಲ್ಲಿ ನೀರು ನಿಂತಿದೆ, ನೀರಿನ ತುಂಬ ಸೊಳ್ಳೆಮರಿ! "ನಿಂತ ನೀರು ಕಂಡರೆ ಚೆಲ್ಲಿ" ಅಂತ ನಮ್ಮ ಬೀದಿಗೆ ಬರೋ ಆಶಾ ಕಾರ್ಯಕರ್ತೆ ವಾರಾವಾರ ಹೇಳಿದ್ದು ತಲೇಲಿತ್ತು. ಓದಿದೋರ ಜಾಗ ಹೀಗಾ ಅಂತ ಮರುಗಿ, ಎಲ್ಲಾ ಚೆಲ್ಲಿ, ಟ್ರೇ ಉಜ್ಜಿ ಬಿಸಿಲಿಗೆ ಬೋರಲು ಹಾಕಿದೆ.

ಅಲ್ಲಿ ಸಂಶೋಧನೆ ಮಾಡೋ ಮೇಡಂ ಬಂದು ನೋಡಿ, ಖಾಲಿ ಟ್ರೇ ಒಂದನ್ನ ಎತ್ತಿ ಹಿಡಿದರು. "ಅಜ್ಜೀ, ಯಾವ ಔಷಧಿಗೆ ಸಾಯ್ತವೆ ಅಂತ ನೋಡೋಕೆ ಭದ್ರಾವತಿಯಿಂದ ತಂದು ಸಾಕಿದ್ದೆ. ನಾಳೆ ಪರೀಕ್ಷೆ ಆಗದಿದ್ರೆ ನನ್ನ ಕೆಲಸವೂ ಇಲ್ಲ, ನಿಮ್ಮದೂ ಇಲ್ಲ."

"ಭದ್ರಾವತೀದು ತಾನೇ? ನಾನೇ ತಂದುಕೊಡ್ತೀನಿ ಬಿಡಿ" ಅಂದೆ.

ಅನ್ನೋದೇನೋ ಅಂದೆ. ಮನೇಲಿ ಹುಡುಕಿದರೆ ಎಲ್ಲೂ ಒಂದು ಹನಿ ನೀರು ನಿಂತಿಲ್ಲ. ಇದ್ದದ್ದು ಪಕ್ಕದ ಮನೆ ಸರೋಜನ ಹಿತ್ತಲ ಒರಳುಕಲ್ಲಲ್ಲಿ ಮಾತ್ರ. ಅದನ್ನ ಚೆಲ್ಲು ಅಂತ ಎರಡು ವರ್ಷದಿಂದ ಅವಳ ಜೊತೆ ಜಗಳ ಆಡಿದೋಳು, ಹೆಪ್ಪಿಗೆ ಮೊಸರು ಕೇಳೋ ಹಾಗೆ ಪಾತ್ರೆ ಹಿಡಿದು ನಿಂತೆ.

"ಎಷ್ಟು ಬೇಕು ಮಾರಾಯ್ತಿ? ಸಂಕೋಚ ಪಡಬೇಡ" ಅಂತ ತೆಂಗಿನ ಚಿಪ್ಪಲ್ಲಿ ಮೊಗೆಮೊಗೆದು ಹಾಕಿದಳು.

ಪರೀಕ್ಷೆ ನಡೀತು, ಇಬ್ಬರ ಕೆಲಸವೂ ಉಳೀತು. ಸರೋಜ ಮಾತ್ರ ಈಗ ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಾಳೆ: "ನಮ್ಮನೆ ಸೊಳ್ಳೆಗಳು ಶಿವಮೊಗ್ಗದಲ್ಲಿ ಆಫೀಸು ಸೇರಿದಾವೆ. ಅಲ್ಲಿ ಅವಕ್ಕೆ ಕಸ ಗುಡಿಸೋದು ಈ ಅಜ್ಜಿನೇ."