ಕೂರಲು ಕಲಿತ ಮೀಲೂದ್

ಸಿ ಮೀಲೂದ್‌ಗೆ ಕೂತು ಗೊತ್ತಿಲ್ಲ. ‘ಸಿ’ ಅಂದರೆ ನಮ್ಮಲ್ಲಿ ಹಿರಿಯರಿಗೆ ಗೌರವದ ಮಾತು. ಮೂವತ್ತೆರಡು ವರ್ಷ ಸಾಫಿಯಿಂದ ಮರ್ರಾಕೆಶ್‌ಗೆ ಬಸ್ಸು ಓಡಿಸಿದವರು. “ಕೂರೋದೆಲ್ಲ ಆಗ್ಲೇ ಕೂತು ಮುಗಿಸಿದೀನಿ ಕಣಯ್ಯಾ” ಅನ್ನುತ್ತಾರೆ.

ನಿವೃತ್ತರಾದ ಮೇಲೆ ನಮ್ಮ ಓಣಿಯ ಶಾಲೆಗೆ ಬಿಟ್ಟಿಯಾಗಿ ಹೋಗಿ, ಓದು ಹತ್ತದ ಮಕ್ಕಳಿಗೆ ಓದಿಸುತ್ತಿದ್ದರು. ಅಲ್ಲೂ ಬೆಂಚುಗಳ ನಡುವೆ ಓಡಾಟವೇ. ಮುಗಿದೊಡನೆ ನನ್ನ ಒಲೆಗೆ ಬರುತ್ತಿದ್ದರು. ಓಣಿಯ ಮನೆಮನೆಯ ರೊಟ್ಟಿ ಬೇಯುವುದು ನನ್ನಲ್ಲಿ.

“ಶಾಮಾ ಇಡೀ ಪುಸ್ತಕ ಓದ್ತಾಳೆ! ಎರಡೇ ವಾರ!” ಅಂದರು ಒಂದು ದಿನ.

ಶಾಮಾ ಮೀನಿನ ಕಾರ್ಖಾನೆಗೆ ದುಡಿಯಲು ಹೋಗುವ ರಹ್ಮಾಳ ಮಗಳು. ಆ ಶನಿವಾರ ಮುಖ್ಯೋಪಾಧ್ಯಾಯಿನಿಯ ಎದುರು ಓದದಿದ್ದರೆ ಮತ್ತೆ ಎರಡನೇ ಕ್ಲಾಸೇ.

ಬುಧವಾರ ಹುಡುಗಿ ಮನೆಯ ಹಸಿ ರೊಟ್ಟಿಗಳನ್ನು ಹಲಗೆಯ ಮೇಲಿಟ್ಟು ಬೇಯಿಸಲು ಹೊತ್ತು ತಂದಳು. “ಈ ಮೂಟೆ ಮೇಲೆ ಏನು ಬರ್ದಿದೆ, ಓದು ನೋಡೋಣ” ಅಂದೆ. ಮೂಟೆಯನ್ನು ದಿಟ್ಟಿಸಿ, ಗಳಗಳನೆ ಶುರು ಮಾಡಿದಳು: “ಬೆಳಗಾಯಿತು, ಹುಂಜ ಕೂಗಿತು...”

ಶಾಲೆ ಮುಗಿಸಿ ಬಂದು ಅಲ್ಲೇ ಓಡಾಡುತ್ತಿದ್ದ ಸಿ ಮೀಲೂದ್ ಮೇಲೆ ನನಗೆ ರೇಗಿತು. “ನನ್ನ ಮೈದಾ ಮೂಟೇಲಿ ಹುಂಜ ಎಲ್ಲಿ ಕೂಗ್ತು ಸಿ ಮೀಲೂದ್? ಇದನ್ನೇ ಏನ್ರೀ ನೀವು ಕಲಿಸಿದ್ದು?”

ಅವರ ಓಡಾಟ ನಿಂತಿತು. ಮಸೀದಿಯ ಪಾಠದಲ್ಲಿ ಕುರಾನನ್ನು ಕೇಳಿ ಕೇಳಿ ಕಂಠಪಾಠ ಮಾಡಿದ ಹುಡುಗಿ. ಬಿಡಿ ಅಕ್ಷರ ಗೊತ್ತಿದ್ದರೂ ಕೂಡಿಸಿ ಓದದೆ, ಶಾಲೆಯ ಪುಸ್ತಕವನ್ನೂ ಹಾಗೆಯೇ ನುಂಗಿದ್ದಳು. ಪುಟ ತಿರುವುವ ಜಾಗವೂ ಬಾಯಿಪಾಠವಾಗಿತ್ತು. ಇವರು ತಿರುಗಾಡುತ್ತ ಕಿವಿಗೊಟ್ಟರೇ ಹೊರತು ಅವಳ ಬೆರಳು ಎಲ್ಲಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಸಿ ಮೀಲೂದ್ ನನ್ನ ಮೇಜಿನ ಮೇಲೆ ಹಿಟ್ಟು ಹರಡಿ ಒಂದು ಪದ ಬರೆದರು. ಮೂಟೆಯ ಮೇಲೆ ಕೂತರು. ಕಾಲು ಮಾತ್ರ ನಿಲ್ಲಲಿಲ್ಲ, ಮೇಜೆಲ್ಲ ನಡುಗಿತು.

“ಮಾಮಾ, ನಿಮ್ ಕಾಲು ಕುಣಿದ್ರೆ ಅಕ್ಷರ ಉದುರೋಗುತ್ತೆ!” ಎಂದಳು ಶಾಮಾ.

ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದರು. ಗುರುವಾರ, ಶುಕ್ರವಾರ ಹಾಗೆಯೇ ಕೂತರು. ಮೂಟೆ ಬೇಕೆಂದು ನಾನು ಬೈದರೂ ಏಳಲಿಲ್ಲ.

ಶನಿವಾರ ಒಲೆ ಬಿಟ್ಟು ಶಾಲೆಯ ಕಿಟಕಿಗೆ ಹೋದೆ. ಪುಸ್ತಕದಲ್ಲಿಲ್ಲದ ನಾಲ್ಕು ಸಾಲು ಕೊಟ್ಟಿದ್ದರು. ಶಾಮಾ ಒಂದೊಂದು ಪದಕ್ಕೂ ಬೆರಳಿಟ್ಟು, ಎಡವಿ, ಹಿಂದೆ ಹೋಗಿ, ಮತ್ತೆ ಹೊರಟಳು. ಪಕ್ಕದಲ್ಲಿ ಸಿ ಮೀಲೂದ್ ಮೊಣಕಾಲು ಹಿಡಿದು ಕೂತಿದ್ದರು.

“ಹೋದ ವಾರ ಗಳಗಳ ಓದ್ತಿದ್ಲಲ್ಲ, ಇದೇನಾಯ್ತು?” ಎಂದರು ಮುಖ್ಯೋಪಾಧ್ಯಾಯಿನಿ.

“ಹೋದ ವಾರ ಇವಳು ಓದ್ತಿರ್ಲಿಲ್ಲ ಮೇಡಂ, ನಾನು ನೋಡ್ತಿರ್ಲಿಲ್ಲ.”

ಆಕೆ ಅವಳ ಬೆರಳನ್ನೇ ನೋಡಿದರು. “ಕೊನೇ ಸಾಲು ಮುಗಿಸು.”

ಮುಗಿಸಿದಳು. ಮೂರನೇ ಕ್ಲಾಸಿಗೆ ಹೆಸರು ಬರೆದುಕೊಂಡರು. ಸಿ ಮೀಲೂದ್ ಆಗಲೂ ಏಳಲಿಲ್ಲ. ನನ್ನ ಒಲೆಯಲ್ಲಿ ಅರ್ಧ ಓಣಿಯ ರೊಟ್ಟಿ ಸೀದಿತ್ತು.