ಕುರ್ಚಿಯ ಮೇಲೆ ನನ್ನ ದನಿ

ಶಾಲೆಗೆ ಹೊಸ ಯಂತ್ರ ಬಂದಿದೆ ಎಂದು ಯಾರಾದರೂ ಹಿಗ್ಗಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ಎರಡೂ ಬಂದು ಹೋದ ಮೇಲೆ ಎದೆಯಲ್ಲಿ ಒಂದು ಸಂಕಟ ಉಳಿದುಬಿಡುತ್ತದೆ. ಹಾಗಂತ ಹಿಗ್ಗುವವರನ್ನು ಬೈಯಲು ಬಾಯಿ ಬರುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನಾನು ಟಿ.ಸಿ.ಎಚ್. ಓದುವಾಗ ನನ್ನಷ್ಟು ಹಿಗ್ಗಿದವರು ನಮ್ಮ ತರಗತಿಯಲ್ಲೇ ಬೇರೆ ಯಾರೂ ಇರಲಿಲ್ಲ.

ಅಪ್ಪ ಕೊಟ್ಟೂರಿನ ಹತ್ತಿ ಅಂಗಡಿಗಳಲ್ಲಿ ಹಮಾಲಿ, ಅವ್ವ ಹೊಲದ ಕೂಲಿ. ನಮ್ಮ ಗೋಡೆಯ ಮೇಲೆ ಒಂದು ಕಡೆ ದುರುಗಮ್ಮನ ಪಟ, ಇನ್ನೊಂದು ಕಡೆ ಬುದ್ಧನ ಕ್ಯಾಲೆಂಡರು. ಇಬ್ಬರಿಗೂ ಸೇರಿ ಒಂದೇ ಊದುಬತ್ತಿ. ನಮ್ಮ ಕೇರಿಯಿಂದ ಟೀಚರಾಗಲು ಓದಲು ಹೋದ ಮೊದಲ ಹುಡುಗಿ ನಾನು. ಯಾಕೆ ಟೀಚರಾಗಬೇಕು ಎಂದು ಯಾರಾದರೂ ಕೇಳಿದರೆ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದೆ. ನಿಜವಾದ ಕಾರಣ ಬಹಳ ಸಣ್ಣದು. ಒಂದನೇ ತರಗತಿಯಲ್ಲಿ ನಮ್ಮ ಮಾಸ್ತರರು ಉಳಿದ ಮಕ್ಕಳ ಪಕ್ಕ ಕೂತು, ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಬಾಗಿಲ ಹತ್ತಿರ ಕೂತ ನನ್ನ ಪಾಟಿಯ ಬಳಿ ಬಂದಾಗ ಮಾತ್ರ ನಿಂತೇ ಇದ್ದು, ಬೆತ್ತದ ತುದಿಯಿಂದ "ಹಿಂಗ ಬಾ, ಇಲ್ಲಿ ತಿರುಗು" ಎಂದು ದಾರಿ ತೋರಿಸುತ್ತಿದ್ದರು. ನಾನು ಬೆತ್ತದ ಹಿಂದೆ ಬಳಪ ಓಡಿಸಿ ಕಲಿತೆ. ನನ್ನ ಅಕ್ಷರಗಳು ಇವತ್ತಿಗೂ ಬೆತ್ತದಂತೆ ಸೆಟೆದುಕೊಂಡೇ ನಿಲ್ಲುತ್ತವೆ. ನಾನು ಟೀಚರಾದರೆ ಎಲ್ಲ ಮಕ್ಕಳ ಕೈ ಹಿಡಿದು ತಿದ್ದಿಸಬೇಕು, ನನ್ನ ಆಸೆ ಅಷ್ಟೇ.

ತರಬೇತಿಯಲ್ಲಿ ನಮಗೆ ಪಾಠೋಪಕರಣದ ಹುಚ್ಚು ಹಿಡಿಸಿದ್ದರು. ಚಾರ್ಟು, ಮಾದರಿ, ರೇಡಿಯೋ ಪಾಠ. ಒಂದು ದಿನ ಉಪನ್ಯಾಸಕರು ಹಿಡಿಕೆ ಇದ್ದ ಒಂದು ಕಪ್ಪು ಟೇಪ್ ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟು, ನೀವು ಶಿಕ್ಷಕರಾಗುವ ಹೊತ್ತಿಗೆ ಇಂಥದ್ದು ಪ್ರತಿ ಶಾಲೆಯಲ್ಲೂ ಇರುತ್ತದೆ, ಅದರ ಬಗ್ಗೆ ಪ್ರಬಂಧ ಬರೆಯಿರಿ ಎಂದರು. ನಾನು ಬರೆದೆ: ಯಂತ್ರಕ್ಕೆ ಮೈಲಿಗೆ ಗೊತ್ತಿಲ್ಲ, ಅದರ ದನಿ ಮುಂದಿನ ಸಾಲಿಗೂ ಬಾಗಿಲ ಬಳಿಯ ಸಾಲಿಗೂ ಒಂದೇ ಅಳತೆಯಲ್ಲಿ ಮುಟ್ಟುತ್ತದೆ, ನಾಳಿನ ಶಾಲೆಯಲ್ಲಿ ಯಾವ ಮಗುವೂ ಬೆತ್ತದ ತುದಿಯಿಂದ ಅಕ್ಷರ ಕಲಿಯಬೇಕಾಗಿಲ್ಲ. ಅವರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಚಪ್ಪಾಳೆ ಬಿದ್ದವು. ಬೋಧನಾಭ್ಯಾಸಕ್ಕೆ ಹಳ್ಳಿಗಳಿಗೆ ಹೊರಡುವಾಗ, ಇದ್ದ ಆ ಒಂದೇ ಒಂದು ಟೇಪ್ ರೆಕಾರ್ಡರನ್ನು ನನ್ನ ಕೈಗೇ ಕೊಟ್ಟರು.

ಅವ್ವನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಿಂದ ಹೊರಟೆ. ಕಂಡಕ್ಟರು ಗಂಟನ್ನು ನೋಡಿ, "ಏನವ್ವಾ, ಕೂಸೇನ? ಅರ್ಧ ಟಿಕೀಟು ತಗಸ್ಬೇಕ ಮತ್ತ" ಎಂದು ಕಾಡಿದ. ನನಗೆ ಖುಷಿಯೋ ಖುಷಿ. ಕಾನಹೊಸಹಳ್ಳಿಯ ಕೇರಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅಲ್ಲಿದ್ದುಕೊಂಡು ಒಳಗಿನ ಒಂದು ಹಳ್ಳಿಯ ಶಾಲೆಗೆ ಎರಡು ತಿಂಗಳು ಹೋಗಿಬರಬೇಕಿತ್ತು. ಆ ಹಳ್ಳಿಯ ಹೆಸರು ಬೇಡ.

ಹೆಡ್ ಮಾಸ್ತರರು ಹಣೆತುಂಬ ವಿಭೂತಿ ಹಚ್ಚಿದ, ಮೆತ್ತಗೆ ಮಾತಾಡುವ ಮನುಷ್ಯ. "ಬರ್ರಿ ಬರ್ರಿ, ಒಂದನೇತ್ತಿಗೆ ಯಾರೂ ಇದ್ದಿಲ್ಲ, ದೇವರು ಬಂದಂಗ ಬಂದ್ರಿ" ಎಂದರು. ಅದು ಶೇಂಗಾ ಕೀಳುವ ಕಾಲ. ಆ ಊರಿನ ಕೇರಿಯ ಮಕ್ಕಳ ಹೆಸರು ಶಾಲೆಯಲ್ಲಿತ್ತು, ಮಕ್ಕಳು ಹೊಲದಲ್ಲಿದ್ದರು. ಉಳಿದವರಲ್ಲಿ ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ಇತ್ತು. ಅ ಬರೆಯಲು ಹೋದರೆ ಅದರ ಪಾಟಿಯ ಮೇಲೆ ಬಸವನಹುಳು ಮೂಡುತ್ತಿತ್ತು. ಮೊದಲ ದಿನವೇ ನಾನು ಅದರ ಪಕ್ಕ ನೆಲಕ್ಕೆ ಕೂತೆ. ಕೈ ಚಾಚಿದೆ. ಅದು ಬಳಪ ಹಿಡಿದ ತನ್ನ ಕೈಯನ್ನು ನನ್ನ ಅಂಗೈಯೊಳಗೆ ಇಟ್ಟುಬಿಟ್ಟಿತು. ಬೆಲ್ಲ ತಿಂದು ಬಂದಿತ್ತೇನೋ, ಬೆರಳೆಲ್ಲ ಅಂಟಂಟು. ಇಬ್ಬರೂ ಸೇರಿ ಒಂದು ಅ ಬರೆದೆವು. ಆ ಸಂಜೆ ದಾರಿಯುದ್ದಕ್ಕೂ ನಾನು ನನ್ನಷ್ಟಕ್ಕೆ ನಗುತ್ತಾ ಬಂದದ್ದು ನೆನಪಿದೆ.

ಚಿಕ್ಕಮ್ಮನ ಮನೆ ಯಾವ ಓಣಿಯಲ್ಲಿದೆ ಎಂಬ ಸುದ್ದಿ ಅದೇ ಸಂಜೆಯ ಬಸ್ಸಿನಲ್ಲಿ ಹಳ್ಳಿಗೆ ನನಗಿಂತ ಮೊದಲೇ ಇಳಿದಿತ್ತು. ಮಾರನೇ ದಿನ ಅರ್ಧ ತರಗತಿ ಖಾಲಿ. ಹಲ್ಲು ಬಿದ್ದ ಹುಡುಗಿಯನ್ನು ಸೆರಗಿಗೆ ಅಂಟಿಸಿಕೊಂಡು ಅದರ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಜಗಳಕ್ಕೆ ಬಂದಿರಲಿಲ್ಲ. ಜಗಳವಾಗಿದ್ದರೆ ನಾನೂ ಬಿಡುತ್ತಿರಲಿಲ್ಲ, ನನ್ನ ಬಾಯಿಯೇನು ಕಡಿಮೆ ಇರಲಿಲ್ಲ.

"ತಾಯೀ, ನಿಮ್ಮ ಮ್ಯಾಲ ನಮಗೇನೂ ಸಿಟ್ಟಿಲ್ಲ ಬಿಡ್ರಿ. ಪಾಠ ಛಲೋ ಹೇಳ್ತೀರಂತ, ಹೇಳ್ರಿ. ಕೈ ಒಂದು ಹಿಡೀಬ್ಯಾಡ್ರಿ. ನೀವು ಹಿಡಿದ್ರ ನಾವು ಕೂಸಿನ ತಲಿ ಮ್ಯಾಲ ನೀರು ಹಾಕಬೇಕಾಗ್ತೈತಿ. ನಿನ್ನಿ ಹಾಕಿದ್ದಕ್ಕ ರಾತ್ರಿ ಪೂರಾ ಕೆಮ್ಮೇತಿ. ಮೊದಲೇ ಮಳಿ ದಿನ."

ಅಜ್ಜಿಯ ಕಣ್ಣಲ್ಲಿ ನೀರಿತ್ತು, ಕೂಸಿನ ಕೆಮ್ಮಿಗೆ. ಬೈದವರಿಗೆ ಬೈಯಬಹುದು, ಮೊಮ್ಮಗಳಿಗೆ ನೆಗಡಿಯಾದೀತು ಎಂದು ಕೈಮುಗಿದವಳಿಗೆ ಏನು ಹೇಳುವುದು?

ಹೆಡ್ ಮಾಸ್ತರರು ಒಂದು ದಿನ ಪೂರ್ತಿ ಯೋಚಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಅವರ ಕಣ್ಣು ನನ್ನ ಸೀರೆ ತುಂಡಿನ ಗಂಟಿನ ಮೇಲೆ ಬಿತ್ತು.

"ಇದರಾಗ ನಿಮ್ಮ ಪಾಠ ತುಂಬ್ಸಾಕ ಬರ್ತೈತಲ್ರಿ? ತುಂಬ್ಸಿಕೊಂಡು ಬರ್ರಿ. ಇದನ್ನ ಒಳಗ ನನ್ನ ಕುರ್ಚಿ ಮ್ಯಾಲ ಇಡೂಣು. ನೀವು ಹೊರಗ ಕಟ್ಟಿ ಮ್ಯಾಲ ಕುಂದರ್ರಿ, ಅಲ್ಲಿ ಗಾಳಿ ಛಲೋ ಬರ್ತೈತಿ. ಹುಡುಗ್ರು ಬರ್ತಾವ, ನಿಮ್ಮ ಪಾಠಾನೂ ಆಗ್ತೈತಿ."

ನನಗೆ ಆಯ್ಕೆ ಇತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಬೋಧನಾಭ್ಯಾಸ ಮುಗಿಯದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ನೌಕರಿ ಇಲ್ಲ, ಅಪ್ಪನ ಬೆನ್ನ ಮೇಲಿನ ಹತ್ತಿಯ ಅಂಡಿಗೆ ಇಳಿಯುವುದೂ ಇಲ್ಲ. ಜೊತೆಗೆ, ಹೇಗಾದರೂ ಮಾಡಿ ಆ ಹುಡುಗಿ ಅ ಕಲಿತರೆ ಸಾಕು ಅನ್ನಿಸಿತ್ತು. ಕೈಯಿಂದ ಆಗದಿದ್ದರೆ ದನಿಯಿಂದಾದರೂ ಆಗಲಿ.

ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಕೂತು ಗುಂಡಿ ಒತ್ತಿದೆ. "ಮಕ್ಕಳೇ, ಪಾಟಿ ತೆಗೆಯಿರಿ. ಮೊದಲು ಒಂದು ಸಣ್ಣ ಸುತ್ತು ಹಾಕಿ..." ಚಿಕ್ಕಮ್ಮ ಒಳಗಿಂದ ಇಣುಕಿ, "ಏನಲೇ, ಗ್ವಾಡಿಗೆ ಪಾಠ ಹೇಳಾಕತ್ತೀಯಲ್ಲ, ತಲಿ ನೆಟ್ಟಗೈತಿಲ್ಲ?" ಎಂದಳು. ಅವಳ ಹ್ಯಾಟೆ ಕೋಳಿ ಅದೇ ಹೊತ್ತಿಗೆ ಮೊಟ್ಟೆ ಇಟ್ಟು ಊರಿಗೆಲ್ಲ ಸಾರಿತು. ಎಲ್ಲವೂ ಟೇಪಿನೊಳಗೆ ಕೂತವು. ಮಕ್ಕಳು ಬರೆಯಲು ಸ್ವಲ್ಪ ಹೊತ್ತು ಬಿಟ್ಟು, ತರಬೇತಿಯಲ್ಲಿ ಕಲಿಸಿದಂತೆ ಪ್ರೋತ್ಸಾಹದ ಮಾತನ್ನೂ ಸೇರಿಸಿದೆ: "ಬರೆದಿರಾ? ಭೇಷ್! ಜಾಣರು!"

ಮರುದಿನದಿಂದ ಕುರ್ಚಿಯ ಮೇಲೆ ನನ್ನ ದನಿ, ಕಟ್ಟೆಯ ಮೇಲೆ ನಾನು. ಒಂದು ಮಗುವೂ ತಪ್ಪಿಸಲಿಲ್ಲ. ಟೇಪಿನ ಕೋಳಿ ಕೂಗಿದಾಗೆಲ್ಲ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಕೇರಿಯ ಕೋಳಿ ಹಾಗೆ ದಿನವೂ ಒಳಗೆ ಹೋಗಿಬರುತ್ತಿತ್ತು, ಅದನ್ನು ಯಾರೂ ತಡೆಯಲಿಲ್ಲ. ಯಂತ್ರಕ್ಕೆ ಮೈಲಿಗೆ ಗೊತ್ತಿಲ್ಲ ಎಂದು ಬರೆದಿದ್ದೆನಲ್ಲ, ಆ ಮಾತು ಅಕ್ಷರಶಃ ನಿಜವಾಯಿತು. ಹೀಗೆ ನಿಜವಾದೀತೆಂದು ಗೊತ್ತಿದ್ದರೆ ಆ ಹಾಳೆಯನ್ನು ಹರಿದು ಒಲೆಗೆ ಹಾಕುತ್ತಿದ್ದೆ.

ಕಿಟಕಿಯ ಸರಳಿನಿಂದ ನನಗೆ ಹಲ್ಲು ಬಿದ್ದ ಹುಡುಗಿಯ ಪಾಟಿ ಕಾಣುತ್ತಿತ್ತು. ಬಸವನಹುಳು. "ಬಲಕ್ಕ, ಬಲಕ್ಕ ತಿರುಗ್ಸವ್ವಾ" ಎಂದು ಕೂಗುತ್ತಿದ್ದೆ. ಆರು ವರ್ಷದ ಕೂಸಿಗೆ ಯಾವ ಬಲ, ಯಾವ ಎಡ? ಅದು ಕುರ್ಚಿಯ ಕಡೆ ನೋಡುವುದೋ ಕಿಟಕಿಯ ಕಡೆ ನೋಡುವುದೋ ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಅಷ್ಟರಲ್ಲಿ ಕುರ್ಚಿಯ ಮೇಲಿನ ನಾನು, "ಬರೆದಿರಾ? ಭೇಷ್! ಜಾಣರು!" ಎನ್ನುತ್ತಿದ್ದೆ. ಹುಡುಗಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿತ್ತು. ಪಾಟಿ ನೋಡದೆ ಹೊಗಳುವ ಟೀಚರು ಯಾವ ಮಗುವಿಗೆ ಬೇಡ? ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು ಬಂತು ಎಂದರೆ ನೀವು ನಂಬಬೇಕು.

ಶಾಲೆಯಲ್ಲಿ ಕರೆಂಟು ಇರಲಿಲ್ಲ, ಸೆಲ್ಲುಗಳ ಮೇಲೆಯೇ ನಡೆಯಬೇಕು. ಸೆಲ್ಲು ಇಳಿದಾಗ ನನ್ನ ದನಿ ಕೋಣನ ದನಿಯಾಗುತ್ತಿತ್ತು. ಆಗ ಸೆಲ್ಲುಗಳನ್ನು ತೆಗೆದು ಹಪ್ಪಳದಂತೆ ಬಿಸಿಲಿಗೆ ಒಣಗಿಸುತ್ತಿದ್ದೆ. ಒಣಗಿ ಏಳುವವರೆಗೆ ತರಗತಿ ಸುಮ್ಮನೆ ಕಾಯುತ್ತಿತ್ತು, ನಾನೂ ಕಟ್ಟೆಯ ಮೇಲೆ ಕಾಯುತ್ತಿದ್ದೆ. ನನ್ನ ಬಾಯಿ ನನ್ನ ಹತ್ತಿರವೇ ಇತ್ತು. ಆದರೂ ಎಲ್ಲರೂ ಸೆಲ್ಲು ಒಣಗಲಿ ಎಂದು ಕಾಯುತ್ತಿದ್ದೆವು, ಅದು ಯಾರಿಗೂ ಹುಚ್ಚೆನ್ನಿಸಲಿಲ್ಲ.

ಆಯುಧಪೂಜೆಯ ದಿನ ಶಾಲೆಯ ಗಂಟೆ, ಕರಿಹಲಗೆ, ಸುತ್ತಿಗೆ ಎಲ್ಲಕ್ಕೂ ಪೂಜೆ. ಟೇಪ್ ರೆಕಾರ್ಡರಿಗೆ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂವಿನ ಸರ ಹಾಕಿ ಕುರ್ಚಿಯ ಮೇಲೆ ಕೂರಿಸಿದ್ದರು. ತಂದೆ-ತಾಯಿಗಳು ತುಂಬಿದ್ದರು. ಕರ್ಪೂರ ಹಚ್ಚಿದ ಮೇಲೆ ಹೆಡ್ ಮಾಸ್ತರರು ಉತ್ಸಾಹದಿಂದ ಗುಂಡಿ ಒತ್ತಿಯೇಬಿಟ್ಟರು. "ಮಕ್ಕಳೇ, ಪಾಟಿ ತೆಗೆಯಿರಿ..." ಹಲ್ಲು ಬಿದ್ದ ಹುಡುಗಿಯ ಅಜ್ಜಿ ಎರಡೂ ಕೈ ಎತ್ತಿ ಮುಗಿದಳು. "ಸರಸ್ವತಿ ಮಾತಾಡಿದಂಗ ಐತಿ ನೋಡ್ರಿ" ಎಂದಳು. ಅದು ಯಾರ ದನಿ ಎಂದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿ ಗೊತ್ತಿತ್ತು. ಆಮೇಲೆ ಕಟ್ಟೆಗೆ ಬಂದು ನನಗೂ ಪ್ರಸಾದ ಕೊಟ್ಟಳು, ಸೆರಗು ಒಡ್ಡಿಸಿ, ಮೇಲಿನಿಂದ ಬಿಟ್ಟಳು. ಕೊಬ್ಬರಿ ಚೂರು ಸೆರಗಿಗೆ ಬಿದ್ದ ಸಪ್ಪಳ ನನ್ನ ಕಿವಿಯಲ್ಲಿ ಇನ್ನೂ ಇದೆ. ದೇವರಾದ ದಿನವೂ ನನಗೆ ಸೆರಗೊಡ್ಡುವುದು ತಪ್ಪಲಿಲ್ಲ.

ಪಾಠ ನೋಡಲು ಉಪನ್ಯಾಸಕರು ಬಂದರು. ನನ್ನ ಕೊನೆಯ ಆಸೆ ಅವರೇ. ಪ್ರಬಂಧ ಓದಿಸಿದ್ದ ಮನುಷ್ಯ, ಒಂದು ಮಾತು ಆಡಿಯಾರು ಎಂದುಕೊಂಡಿದ್ದೆ. ಅವರು ಒಳಗೆ ಕೂತು ಪಾಠ ಕೇಳಿದರು, ಕೋಳಿಗೆ ನಕ್ಕರು, ಹೊರಗೆ ಬಂದು ಬೆನ್ನು ತಟ್ಟುವವರಂತೆ ಗಾಳಿಯಲ್ಲಿ ಕೈ ಆಡಿಸಿದರು.

"ಭೇಷ್! ಶಿಕ್ಷಕಿ ಹೊರಗಿದ್ದರೂ ತರಗತಿ ನಡೀತದೆ ಅಂದ್ರೆ, ಇದೇ ನೋಡಮ್ಮ ಆಧುನಿಕ ವಿಧಾನ."

"ಸಾರ್, ನಾನು ಹೊರಗಿರೋದು ವಿಧಾನಕ್ಕಲ್ಲ" ಎಂದೆ.

ಅವರು ಹೆಡ್ ಮಾಸ್ತರರ ಮುಖ ನೋಡಿದರು. ಹೆಡ್ ಮಾಸ್ತರರು ಎದುರಿನ ಶೇಂಗಾ ಹೊಲ ನೋಡಿದರು. "ಒಳ್ಳೇ ಅಂಕ ಬರ್ತಾವೆ. ಸುಮ್ಮನೆ ಕೆಡಿಸ್ಕೋಬೇಡ" ಎಂದು ಉಪನ್ಯಾಸಕರು ಮೆಲ್ಲಗೆ ಹೇಳಿ ಬಸ್ಸಿನ ವೇಳೆ ಕೇಳಿದರು. ಅಂಕ ಬಂದವು ಕೂಡ. ಆ ವರ್ಷ ಬೋಧನಾಭ್ಯಾಸದಲ್ಲಿ ನಾನೇ ಮೊದಲಿಗಳು. ಅಪ್ಪ ಕೇರಿಗೆಲ್ಲ ಸಕ್ಕರೆ ಹಂಚಿದ.

ಕೊನೆಯ ದಿನ ಹೆಡ್ ಮಾಸ್ತರರು ಕೆಲಸದ ಮೇಲೆ ಕೂಡ್ಲಿಗಿಗೆ ಹೋಗಿದ್ದರು. ಮಧ್ಯಾಹ್ನ ಮಕ್ಕಳೆಲ್ಲ ಉಣ್ಣಲು ಮನೆಗೆ ಓಡಿದರು. ಹಲ್ಲು ಬಿದ್ದ ಹುಡುಗಿಯ ಮನೆಯವರು ಕಣದಲ್ಲಿದ್ದರು, ಅದಕ್ಕೆ ರೊಟ್ಟಿ ಕಟ್ಟಿಕೊಟ್ಟಿದ್ದರು. ತಿಂದು ಮುಗಿಸಿ ತಾನೊಂದೇ ಕೂತು ಪಾಟಿಯ ಮೇಲೆ ಬಸವನಹುಳು ಬರೆಯುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ನಾನು ಹೊಸ್ತಿಲು ದಾಟಿದೆ. ಅಷ್ಟು ದಿನ ಕಿಟಕಿಯಿಂದ ನೋಡಿದ್ದ ನೆಲದ ಮೇಲೆ ಅದರ ಪಕ್ಕ ಕೂತೆ. ಒಂದು ಸಲ, ಒಂದೇ ಒಂದು ಸಲ ಸರಿಯಾಗಿ ತಿದ್ದಿಸಿದರೆ ಕೈಗೆ ದಾರಿ ನೆನಪಿರುತ್ತದೆ. ನೀರು ಹಾಕಬೇಕಾದರೆ ಅಜ್ಜಿಗೆ ಗೊತ್ತಾಗಬೇಕಲ್ಲ? ನಾನು ಕೈ ಚಾಚಿದೆ.

ಹುಡುಗಿ ಬಳಪ ಹಿಡಿದ ಕೈಯನ್ನು ಎದೆಗೆ ಎಳೆದುಕೊಂಡಿತು. ಹೆದರಿಕೆಯಿಂದಲ್ಲ, ಒಲೆಯ ಹತ್ತಿರ ಹೋದಾಗ ಮಕ್ಕಳು ಎಳೆದುಕೊಳ್ಳುತ್ತವಲ್ಲ, ಹಾಗೆ. ನನ್ನ ಬೆರಳು ತುಸು ತಾಗಿದ ಮಣಿಕಟ್ಟನ್ನು ಲಂಗಕ್ಕೆ ಒರೆಸಿಕೊಂಡಿತು. ಅದರ ಮುಖದಲ್ಲಿ ತಿರಸ್ಕಾರವಿರಲಿಲ್ಲ, ನನ್ನ ಮೇಲೆ ಅದಕ್ಕೆ ಪ್ರೀತಿಯೇ ಇತ್ತು.

"ಹಿಡೀಬಾರದ್ರಿ ಟೀಚರ" ಎಂದು ನನಗೆ ಗೊತ್ತಿಲ್ಲದ್ದನ್ನು ಕಲಿಸುವಂತೆ ಹೇಳಿತು. "ಡಬ್ಬಿ ಹಚ್ರಿ."

ಎದ್ದು ಹೋಗಿ ಗುಂಡಿ ಒತ್ತಿದೆ. ಸೆಲ್ಲು ಸಾಯುತ್ತಿದ್ದವು. ನನ್ನ ದನಿ ಕೆಸರಿನಲ್ಲಿ ಕಾಲು ಎಳೆಯುವ ಹಾಗೆ ಹೊರಬಂತು. ಕೋಳಿಯೂ ನಿಧಾನವಾಗಿ, ನರಳಿದಂತೆ ಕೂಗಿತು. ಹುಡುಗಿ ಅದಕ್ಕೂ ನಕ್ಕಿತು. ತಲೆ ಬಗ್ಗಿಸಿ ಬರೆಯಿತು. ನಾನು ಅದರ ಎದುರಿಗೇ, ಕೈಗೆ ಸಿಗುವಷ್ಟು ಹತ್ತಿರ ನಿಂತಿದ್ದೆ.

"ಬರೆದಿರಾ?" ಎಂದಿತು ಕುರ್ಚಿ.

ಹುಡುಗಿ ಬಸವನಹುಳುವಿದ್ದ ಪಾಟಿಯನ್ನು ಎರಡೂ ಕೈಯಲ್ಲಿ ಎತ್ತಿ, ನನ್ನನ್ನು ದಾಟಿಸಿ, ಡಬ್ಬಿಗೆ ತೋರಿಸಿತು.