ಹಾಯಿದೋಣಿಯ ನೆಗೆಣ್ಣಿ

ನನ್ನ ನೆಗೆಣ್ಣಿಯ ಪಾದಗಳು ಬಿಸಿಲಿಗೆ ಸುಟ್ಟು ಕರ್ರಗಾಗಿವೆ. ಕಾಲುಂಗುರ ಇರಬೇಕಾದ ಬೆರಳುಗಳು ಮಾತ್ರ ಖಾಲಿ. ದೋಣಿಯ ಹಗ್ಗಕ್ಕೆ ಉಂಗುರ ಸಿಕ್ಕಿದರೆ ಬೆರಳೇ ಕಿತ್ತುಬರುತ್ತದೆಂದು ಆಕೆ ಅವನ್ನು ಬಿಚ್ಚಿ ತಾಳಿಯ ಸರಕ್ಕೆ ಪೋಣಿಸಿಕೊಂಡಿದ್ದಾಳೆ. ನಮ್ಮ ಅತ್ತೆ ಅದನ್ನು ನೋಡಿ, "ಕಾಲಾಗಿದ್ದರೇನು, ಕೊಳ್ಳಾಗಿದ್ದರೇನು, ಮೈಮ್ಯಾಲೆ ಅದಾವಲ್ಲ" ಅಂದುಬಿಟ್ಟರು. ಬೆರಳು ಬಾತಿದೆಯೆಂದು ನಾನು ಒಂದು ದಿನ ಬಿಚ್ಚಿಟ್ಟಿದ್ದಕ್ಕೆ ವಾರಗಟ್ಟಲೆ ಮುಖ ತಿರುಗಿಸಿದ್ದವರು ಇವರೇ.

ಆಕೆ ನನ್ನ ಮೈದುನನ ಹೆಂಡತಿ. ಪುಣೆ ಹತ್ತಿರದ ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಮದುವೆಗೆ ಮುಂಚೆ ಆಕೆ ಕಂಡ ದೊಡ್ಡ ನೀರೆಂದರೆ ಟ್ಯಾಂಕರಿನದು. ಮೈದುನ ಹಡಗಿನ ನೌಕರಿ ಬಿಟ್ಟು ಹಳೆಯದೊಂದು ಹಾಯಿದೋಣಿ ಕೊಂಡಾಗ, ಈಗ ಗಂಡನಿಗೆ ಸರಿಯಾಗಿ ಜಾಡಿಸುತ್ತಾಳೆ ಎಂದು ನಾನು ಆಸೆಯಿಂದ ಕಾದೆ. ಆಕೆ ಕುಕ್ಕರು ಕಟ್ಟಿಕೊಂಡು, ಮಗಳ ಕೈ ಹಿಡಿದು ದೋಣಿ ಹತ್ತಿಯೇಬಿಟ್ಟಳು. ದೀಪಾವಳಿ ಮುಗಿದದ್ದೇ ತಡ, ಮೂವರೂ ಕೊಂಕಣದ ದಂಡೆ ಹಿಡಿದು ಕಾರವಾರದ ಕಡೆ ಹೊರಡುತ್ತಾರೆ. ಮಳೆಗಾಲಕ್ಕೆ ಪುಣೆಯ ನಮ್ಮ ಮನೆಗೆ ಬರುತ್ತಾರೆ. ನಡುವೆ ದಿನಾ ಬೆಳಿಗ್ಗೆ ಫೋನು. "ಅತ್ತೀ, ಇವತ್ತ ಗಾಳಿ ಇಲ್ರಿ. ಅವಲಕ್ಕಿ ಒಗ್ಗರಣಿ ಹಾಕೀನಿ, ನಿಮ್ಮ ಮೊಮ್ಮಗಳು ಮಗ್ಗಿ ಅನ್ಲಿಕ್ಕೆ ಹತ್ಯಾಳ, ಕೇಳ್ರಿ." ನಾನು ಕೊಟ್ಟ ಚಹಾ ಅತ್ತೆಯ ಮುಂದೆ ಕೆನೆಗಟ್ಟುತ್ತಿತ್ತು.

ಕಳೆದ ವರ್ಷ ಅತ್ತೆ ಊಟದ ನಡುವೆ, "ಈ ಸಲ ನಾನೂ ದೋಣಿಗೆ ಹೋಗಾಕಿ" ಅಂದರು. ಅವರ ಗುಳಿಗೆ, ಏಕಾದಶಿ, ಮೊಣಕಾಲಿನ ಎಣ್ಣೆ, ಎಲ್ಲವನ್ನೂ ನೋಡಿಕೊಂಡು ಬಂದವಳು ನಾನು. ಅವರು ಅಲ್ಲೇ ಉಳಿದುಬಿಟ್ಟರೆ?

"ನಿಮಗ ಈಜು ಬರಂಗಿಲ್ರಿ, ಅತ್ತಿ."

"ಆಕಿಗರೆ ಎಲ್ಲಿ ಬರ್ತಿತ್ತು?"

ಬಿಟ್ಟುಬರಲು ನಾನೇ ಹೋದೆ. ಪುಣೆಯ ಸ್ವಾರಗೇಟಿನಿಂದ ಬಸ್ಸು ಹಿಡಿದು ಘಟ್ಟ ಇಳಿದು ಅವರ ದೋಣಿ ನಿಂತಿದ್ದ ಅಳಿವೆ ಮುಟ್ಟಿದೆವು. ಆ ದಿನ ದೋಣಿಯಲ್ಲೇ ಉಳಿದೆ. ಬೆಳಗಾಗುವಷ್ಟರಲ್ಲಿ ಇಳಿತವಾಗಿ ನೀರು ಸಮುದ್ರಕ್ಕೆ ಸರಿದಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿ ಕೆಸರಿನಲ್ಲಿ ಕೂತಿತ್ತು. ಅಂಥ ಹೊತ್ತಿಗೆ ನೆಗೆಣ್ಣಿಯ ಕಾಯಿದೆಯೊಂದಿದೆ. ದೋಣಿ ಕೂತರೆ ಮನೆಮಂದಿಯೆಲ್ಲ ಕೂಡಬೇಕು. ಒಲೆ ಹಚ್ಚುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. "ನೀರು ಬರೂತನಕ ಯಾರಿಗೂ ಕೆಲಸ ಇಲ್ಲ" ಎಂದು ಆಕೆ ಚಾಪೆ ಹಾಸಿ ಕಾಲು ಚಾಚಿದಳು. ಅತ್ತೆಯೂ ಚಾಚಿದರು!

ನನಗೆ ಸುಮ್ಮನೆ ಕೂತು ಗೊತ್ತಿಲ್ಲ. ಇಬ್ಬರು ಸೊಸೆಯರಲ್ಲಿ ಕೆಲಸದವಳು ಯಾರೆಂದು ಅತ್ತೆ ನೋಡಲಿ ಎಂಬ ಹಟವೂ ಇತ್ತು. ಮುಸುರೆಯನ್ನೆಲ್ಲ ಎಳೆದುಕೊಂಡು, ಮೂಲೆಯಲ್ಲಿದ್ದ ಕ್ಯಾನು ಬಗ್ಗಿಸಿ, ಪಾತ್ರೆಗಳನ್ನು ಫಳಫಳ ತೊಳೆದಿಟ್ಟೆ.

"ಅಕ್ಕಾ, ಅದು ಕುಡಿಯೂ ನೀರ್ರೀ!"

ದೋಣಿಯಲ್ಲಿ ಪಾತ್ರೆಗೆ ಸಮುದ್ರದ ನೀರೇ. ಸಿಹಿನೀರನ್ನು ಊರೊಳಗಿಂದ ತರಬೇಕು. ಭರತ ಬಂದು ನೀರೇರುವವರೆಗೆ ದೋಣಿ ಬಿಟ್ಟು ಇಳಿಯುವ ಹಾಗೂ ಇಲ್ಲ. ಆಕೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳು ನಕ್ಕಳು, ಮೈದುನ ನಕ್ಕ, ಕೊನೆಗೆ ಅತ್ತೆಯೂ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕರು. ಅವರಲ್ಲಿ ಅಂಥ ನಗುವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಬಾಯಾರಿಕೆಗೆ ನೆಗೆಣ್ಣಿ ಕಲ್ಲಂಗಡಿ ಹೆಚ್ಚಿದಳು. ಆಮೇಲೆ ಅತ್ತೆಯ ತಲೆ ಬಾಚುತ್ತ ಕೂತಳು. ಅವರು ಆಕೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದರು. ಎಣ್ಣೆ ಹಚ್ಚುತ್ತೇನೆಂದರೂ ನನ್ನ ಕೈಗೆ ಕೊಡದ ತಲೆ ಅದು. ಅಷ್ಟು ಗಾಳಿಯಲ್ಲೂ ನಾನು ಧಗಧಗ ಉರಿದೆ. ಸಮುದ್ರ ಆಕೆಗೆ ಸಿಕ್ಕಿತು, ಸಾಲದ್ದಕ್ಕೆ ಅತ್ತೆಯೂ ಸಿಕ್ಕರು. ವಾಪಸು ಒಬ್ಬಳೇ ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಕಣ್ಣೀರು ಹಾಕಿದೆ.

ಮಳೆಗೆ ಮುಂಚೆ ಎಲ್ಲರೂ ಬಂದರು. ಅತ್ತೆ ಬಣ್ಣಗೆಟ್ಟು, ಗಟ್ಟಿಯಾಗಿ ಮರಳಿದ್ದರು. ಬಂದ ಮರುದಿನ ಮಧ್ಯಾಹ್ನ ನಾನು ಅಡುಗೆಕಟ್ಟೆ ಒರೆಸುತ್ತಿದ್ದೆ. ಅತ್ತೆ ಬಾಲ್ಕನಿಯಿಂದ ಕೂಗಿದರು. ಏನೋ ಹೊಸ ಕೆಲಸವಿರಬೇಕೆಂದು ಕೈ ಒರೆಸಿಕೊಳ್ಳುತ್ತ ಹೋದೆ. ತಮ್ಮ ಪಕ್ಕದ ಜಾಗ ತಟ್ಟಿ ತೋರಿಸಿದರು.

"ಏನು ಬೇಕಾಗಿತ್ರಿ?"

"ಏನೂ ಬ್ಯಾಡ. ನನ್ನ ಹಂತ್ಯಾಕ ಕೂಡ ಬಾ. ಎಷ್ಟಂತ ದುಡಿತಿ ಯವ್ವಾ, ಒಬ್ಬಾಕಿನ?"

ಮದುವೆಯಾಗಿ ಬಂದಾಗಿನಿಂದ ಆ ಮಾತಿಗಾಗಿ ಕಾದಿದ್ದೆ. ಕೂತೆ. ಅತ್ತೆ ನನ್ನ ಒದ್ದೆ ಕೈಯನ್ನು ಹಿಡಿದುಕೊಂಡು ರಸ್ತೆ ನೋಡುತ್ತ ಹೇಳಿದರು, "ಹಿಂಗ ಸುಮ್ಮನ ಕೂಡೂದು ನನಗೂ ಗೊತ್ತಿರಲಿಲ್ಲ. ಆಕಿ ಕಲಿಸ್ಯಾಳ."

ಈಗ ದಿನಾ ಮಧ್ಯಾಹ್ನ ಇಬ್ಬರೂ ಕೂಡುತ್ತೇವೆ. ನನಗೆ ಬೇಕಾಗಿದ್ದ ಅತ್ತೆಯನ್ನು ನನಗೆ ಕೊಟ್ಟವಳು ನನ್ನ ನೆಗೆಣ್ಣಿ. ಆ ಋಣ ದೊಡ್ಡದು, ಗೊತ್ತು. ಆಕೆಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಹೊಟ್ಟೆಕಿಚ್ಚು ಮೊದಲು ಮೇಲೆ ಬರುತ್ತದೆ.